ಗಿಗಾಹರ್ಟ್ಜ್ ಮೀಮಾಂಸೆ ಅಥವಾ ಹಗುರ ಲ್ಯಾಪ್‌ಟಾಪಿಗೆ ವೇಗನಿರ್ಣಯ

1. ಅಧಿಕಾರಿ ಲಕ್ಷಣ

ಯಾವ ಶಾಸ್ತ್ರವೂ ತನ್ನನ್ನು ಓದಲು ಯಾರು ಯೋಗ್ಯರು ಎಂದು ಹೇಳದೆ ಬಾಯಿ ಬಿಡುವುದಿಲ್ಲ. ಪ್ರಸ್ತುತ ಶಾಸ್ತ್ರದ ಅಧಿಕಾರಿಗೆ ಮೂರು ಲಕ್ಷಣ: ಬ್ಯಾಂಕಿನಲ್ಲಿ ಎಪ್ಪತ್ತು ಸಾವಿರ ರೂಪಾಯಿ, ಬೆನ್ನಿನಲ್ಲಿ ಸಣ್ಣಗೆ ನೋವು, ಬಂಧುಬಳಗದಲ್ಲಿ ‘ಕಂಪ್ಯೂಟರ್ ಗೊತ್ತಿರೋ’ ಒಬ್ಬ ಸೋದರಳಿಯ. ಹಣವಿಲ್ಲದೆ ಖರೀದಿ ಇಲ್ಲ; ಬೆನ್ನುನೋವಿಲ್ಲದೆ ಹಗುರದ ಹಂಬಲ ಇಲ್ಲ; ಸೋದರಳಿಯನಿಲ್ಲದೆ ಸಂಶಯ ಇಲ್ಲ. ಸಂಶಯವಿಲ್ಲದ ಕಡೆ ಮೀಮಾಂಸೆಗೆ ಕೆಲಸವೂ ಇಲ್ಲ.

ಸಂಶಯದ ಸ್ವರೂಪ ಹೀಗೆ. ಇಂದಿರಾನಗರದ ಸಿಎಂಎಚ್ ರಸ್ತೆಯ ಅಂಗಡಿಯೊಂದರ ಗಾಜಿನ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಕೂತಿರುತ್ತವೆ. ಒಂದೇ ಮೈಬಣ್ಣ, ಒಂದೇ ಪರದೆ, ಒಂದೇ 1.3 ಕಿಲೋ ತೂಕ. ಒಳಗಿನ ಪ್ರೊಸೆಸರ್ ಮಾತ್ರ ಬೇರೆ. ಬೆಲೆಯಲ್ಲಿ ಹತ್ತು ಹದಿನೈದು ಸಾವಿರದ ಅಂತರ. ತೆರೆದು ನೋಡಿದರೆ ಎರಡರಲ್ಲೂ ಅದೇ ನೀಲಿ ವಾಲ್‌ಪೇಪರ್ ಅಷ್ಟೇ ಬೇಗ ಮೂಡುತ್ತದೆ. ಗಿರಾಕಿ ‘ಏನ್ ವ್ಯತ್ಯಾಸ?’ ಎಂದು ಕೇಳುತ್ತಾನೆ. ಅಂಗಡಿ ಹುಡುಗ ‘ಇದು ಸ್ಪೀಡ್ ಜಾಸ್ತಿ ಸಾರ್, ಫ್ಯೂಚರ್ ಪ್ರೂಫ್’ ಎನ್ನುತ್ತಾನೆ. ಯಾರ ಫ್ಯೂಚರ್, ಎಷ್ಟು ವರ್ಷದ್ದು, ಯಾವುದರಿಂದ ಪ್ರೂಫ್ ಎಂಬುದನ್ನು ಬಿಡಿಸಿ ಹೇಳುವ ಭಾಷ್ಯಕಾರ ಇನ್ನೂ ಹುಟ್ಟಿಲ್ಲ.

ಈ ಪ್ರಶ್ನೆಯ ಸುತ್ತ ಎರಡು ಪಂಥಗಳು ಬೆಳೆದಿವೆ. ‘ತಗೊಳ್ಳೋದೇ ತಗೋತೀವಿ, ದೊಡ್ಡದೇ ಇರಲಿ’ ಎನ್ನುವವರು ಗರಿಷ್ಠವಾದಿಗಳು. ‘ನಮ್ಮ ಕೆಲಸಕ್ಕೆ ಇಷ್ಟು ಸಾಕು ಬಿಡಿ’ ಎನ್ನುವವರು ಸಾಕುವಾದಿಗಳು. ಮೊದಲನೆಯವರ ಬೆಂಬಲಕ್ಕೆ ಸೋದರಳಿಯನಿದ್ದಾನೆ. ಎರಡನೆಯವರ ಬೆಂಬಲಕ್ಕೆ ಇಎಂಐ ಇದೆ.

2. ಕ್ಷೇತ್ರ ಮಹಾತ್ಮೆ

ಸಂಸ್ಕೃತಕ್ಕೆ ಮತ್ತೂರು, ಗಮಕಕ್ಕೆ ಹೊಸಹಳ್ಳಿ ಇದ್ದಂತೆ ತೂಕ ಮತ್ತು ವೇಗದ ಜಗಳಕ್ಕೆ ಬೆಂಗಳೂರಿನ ವಿಮಾನಪುರ. ಪಿನ್ ಕೋಡ್ 560017. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ, ನಾಲ್ಕು ಕೋಟಿ ರೂಪಾಯಿಯ ಅಧಿಕೃತ ಬಂಡವಾಳದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ನೋಂದಾಯಿಸಿದರು. ಅಂದಿನಿಂದ ಇಂದಿನವರೆಗೆ ಎಚ್‌ಎಎಲ್ ಗೋಡೆಯ ಒಳಗೆ ತಲೆಮಾರುಗಟ್ಟಲೆ ಜನ ತಲೆ ಕೆಡಿಸಿಕೊಂಡಿರುವುದು ಒಂದೇ ಪ್ರಶ್ನೆಗೆ: ಇಷ್ಟು ಹಗುರದ ಮೈಗೆ ಎಷ್ಟು ಬಲದ ಎಂಜಿನ್ ಕೂರಿಸಬೇಕು? ಸಿಎಂಎಚ್ ರಸ್ತೆಯ ಗಾಜಿನ ಮೇಜಿನ ಮೇಲೆ ಕೂತಿರುವುದೂ ಅದೇ ಪ್ರಶ್ನೆ, ಬೆಲೆ ಮಾತ್ರ ಕೋಟಿಯಿಂದ ಸಾವಿರಕ್ಕೆ ಇಳಿದಿದೆ.

ಈ ಕ್ಷೇತ್ರದಲ್ಲಿ ರಸ್ತೆಗಳ ಹೆಸರಿಗೂ ವೇಗ ಅಂಟಿಕೊಂಡಿದೆ. ಹಳೆ ಮದ್ರಾಸ್ ರಸ್ತೆಯ ಕಡೆಯಿಂದ ಎಚ್‌ಎಎಲ್ ಕಡೆಗೆ ಬರುವ ಸುರಂಜನ್‌ದಾಸ್ ರಸ್ತೆ ಒಬ್ಬ ಪರೀಕ್ಷಾ ವೈಮಾನಿಕರ ಹೆಸರಿನದು. ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರಸ್ತೆಯೇ ಇದೆ. ಆ ಹೆಸರಿಗೆ ಕಾರಣವಾದ, ವೈಮಾನಿಕ ಪ್ರಯೋಗಾಲಯವಾದ ಎನ್‌ಎಎಲ್‌ನ 1.2 ಮೀಟರ್ ಗಾಳಿಸುರಂಗ 1967ರಿಂದ ಶಬ್ದದ ನಾಲ್ಕು ಪಟ್ಟು ವೇಗದವರೆಗೆ ಗಾಳಿ ಬೀಸುತ್ತ ಬಂದಿದೆ. ಒಳಗೆ ಮ್ಯಾಕ್ 4. ಹೊರಗೆ ಅದೇ ರಸ್ತೆಯಲ್ಲಿ ನೀರಿನ ಟ್ಯಾಂಕರಿನ ಹಿಂದೆ ಆಟೋ, ಆಟೋದ ಹಿಂದೆ ಶಾಲಾ ವ್ಯಾನು. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಹಿಡಿಯುತ್ತಿದ್ದುದು 29 ನಿಮಿಷ 10 ಸೆಕೆಂಡು. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಶಬ್ದದ ವೇಗದ ಅರವತ್ತನೇ ಒಂದು ಪಾಲು, ಮ್ಯಾಕ್ 0.017. ಬೈಕಿನ ಸ್ಪೀಡೋಮೀಟರಿನಲ್ಲಿ ಬರೆದಿರುವ ವೇಗವೂ ದೊಮ್ಮಲೂರಿನಿಂದ ಮಾರತ್ತಹಳ್ಳಿಗೆ ಹೋಗುವಾಗ ದಕ್ಕುವ ವೇಗವೂ ಬೇರೆ ಬೇರೆ ಎಂಬುದನ್ನು ಇಲ್ಲಿಯವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಆದರೂ ಲ್ಯಾಪ್‌ಟಾಪ್ ಅಂಗಡಿಯ ಮೆಟ್ಟಿಲು ಹತ್ತುವಾಗ ಈ ಜ್ಞಾನವನ್ನು ಅವರು ಚಪ್ಪಲಿಯ ಜೊತೆ ಹೊರಗೇ ಬಿಡುವುದು ಏಕೆ ಎಂಬುದು ಈ ಪ್ರಬಂಧದ ಸಮಸ್ಯೆ.

3. ಪೂರ್ವಪಕ್ಷ

ಹಗುರ ಲ್ಯಾಪ್‌ಟಾಪಿನಲ್ಲಿ ವೇಗದ ಆಯ್ಕೆ ಎಂಬ ಧರ್ಮಸಂಕಟಕ್ಕೆ ಒಂದು ಮೂಲಗ್ರಂಥವಿದೆ. ಬೆಂಗಳೂರಿನಲ್ಲಿ ಎಳ್ಳುಬೆಲ್ಲ ಹಂಚುವ ಹೊತ್ತಿಗೆ, 2008ರ ಜನವರಿ 15ರಂದು, ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಒಂದು ಕಚೇರಿ ಲಕೋಟೆಯೊಳಗಿಂದ ಲ್ಯಾಪ್‌ಟಾಪ್ ಎಳೆದು ತೋರಿಸಿದರು. ಅದೇ ಮೊದಲ ಮ್ಯಾಕ್‌ಬುಕ್ ಏರ್. ತೂಕ 1.36 ಕಿಲೋ, ಅತಿ ತೆಳ್ಳಗಿನ ಅಂಚು 4 ಮಿಲಿಮೀಟರ್. ಅದರ ಜೊತೆಗೇ ಆಯ್ಕೆಯೂ ಬಂತು: 1.6 ಗಿಗಾಹರ್ಟ್ಜ್ ಸಾಕೇ, 1.8 ಬೇಕೇ? ಹೆಚ್ಚುವರಿ 0.2ಕ್ಕೆ 300 ಡಾಲರ್, ಅಂದಿನ ದರದಲ್ಲಿ ಸುಮಾರು 12,000 ರೂಪಾಯಿ.

ಇಲ್ಲಿ ಶಾಸ್ತ್ರೀಯ ಗಣಿತಕ್ಕೆ ಇಳಿಯುವುದು ಅನಿವಾರ್ಯ. ಮೂಲ ಯಂತ್ರದ ಬೆಲೆ 1,799 ಡಾಲರ್, ವೇಗ 1,600 ಮೆಗಾಹರ್ಟ್ಜ್. ಒಂದು ಮೆಗಾಹರ್ಟ್ಜ್‌ಗೆ ಬಿದ್ದದ್ದು 1.12 ಡಾಲರ್, ಅಷ್ಟಕ್ಕೇ ಪರದೆ, ಕೀಲಿಮಣೆ, ಅಲ್ಯೂಮಿನಿಯಂ ಮೈ, ಬ್ಯಾಟರಿ ಎಲ್ಲವೂ ಸೇರಿತ್ತು. ಕೊನೆಯ 200 ಮೆಗಾಹರ್ಟ್ಜ್ ಮಾತ್ರ ಪರದೆಯೂ ಇಲ್ಲದೆ, ಕೀಲಿಮಣೆಯೂ ಇಲ್ಲದೆ, ಬರಿಮೈಯಲ್ಲಿ ಬಂದು ತಲಾ 1.50 ಡಾಲರ್ ಕೇಳಿದವು. ಶೇಕಡಾ 12.5ರ ವೇಗಕ್ಕೆ ಶೇಕಡಾ 16.7ರ ಬೆಲೆ. ಗರಿಷ್ಠವಾದಿಗಳು ಈ ಲೆಕ್ಕವನ್ನು ನೋಡಿ ವಿಚಲಿತರಾಗಲಿಲ್ಲ. ಅವರ ಸಂಪ್ರದಾಯದಲ್ಲಿ ಬೆಲೆಯೂ ಒಂದು ಗುಣವೇ.

ತಮಾಷೆಯೆಂದರೆ ಅದೇ ಯಂತ್ರದ ಮೂಲ ಮಾದರಿಯಲ್ಲಿದ್ದದ್ದು ನಿಮಿಷಕ್ಕೆ 4,200 ಸುತ್ತು ತಿರುಗುವ, 1.8 ಇಂಚಿನ ಪುಟ್ಟ ಹಾರ್ಡ್ ಡಿಸ್ಕ್. ಹಾಡು ಕೇಳುವ ಐಪಾಡಿನೊಳಗೆ ಕೂರುತ್ತಿದ್ದ ಜಾತಿಯದು. ಫೈಲು ತೆರೆಯಲು ಹೊರಟ ಪ್ರೊಸೆಸರ್ 1.6 ಆಗಿರಲಿ, 1.8 ಆಗಿರಲಿ, ಡಿಸ್ಕಿನ ಬಾಗಿಲಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಟೋಕನ್ ಹಿಡಿದು ನಿಲ್ಲಬೇಕಿತ್ತು. ಸಾಲದ್ದಕ್ಕೆ ಅಷ್ಟು ತೆಳ್ಳಗಿನ ಮೈ ಬಿಸಿಯಾದಾಗ ಎರಡು ಕೋರ್‌ಗಳಲ್ಲಿ ಒಂದು ಸುಮ್ಮನಾಗಿಬಿಡುತ್ತದೆ ಎಂಬ ದೂರುಗಳೂ ಆ ವರ್ಷ ಕೇಳಿಬಂದವು. 300 ಡಾಲರ್ ಕೊಟ್ಟು ತಂದ ಅತಿಥಿ ಸೆಖೆಯೆಂದು ಮಲಗಿದರೆ ಮನೆಯವರು ಏನು ಮಾಡಬೇಕು? ಇದಕ್ಕೆ ಉತ್ತರ ಬೇಕಾದರೆ ಶಾಖದ ಪ್ರಕರಣಕ್ಕೆ ಹೋಗಬೇಕು.

4. ಶಾಖ ಪ್ರಕರಣ

ಸೂತ್ರ: ಚಿಪ್ಪು ಉಣ್ಣುವ ವಿದ್ಯುತ್ತು ಅದರ ಕೆಪಾಸಿಟೆನ್ಸ್, ವೋಲ್ಟೇಜಿನ ವರ್ಗ, ಬಡಿತದ ವೇಗ ಈ ಮೂರರ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ.

ಭಾಷ್ಯ: ವೇಗವೊಂದೇ ಏರಿದರೆ ವಿದ್ಯುತ್ತೂ ಅಷ್ಟೇ ಏರುತ್ತಿತ್ತು, ಜಗಳವಿರಲಿಲ್ಲ. ಆದರೆ ಚಿಪ್ಪು ತನ್ನ ಮಿತಿಯ ಹತ್ತಿರ ಓಡುವಾಗ ವೇಗ ಏರಿಸಬೇಕೆಂದರೆ ವೋಲ್ಟೇಜನ್ನೂ ಏರಿಸಬೇಕು. ಎರಡೂ ಶೇಕಡಾ 10ರಷ್ಟು ಏರಿದರೆ ವಿದ್ಯುತ್ತು ಶೇಕಡಾ 33 ಏರುತ್ತದೆ, 12.5ರಷ್ಟು ಏರಿದರೆ 42. ತಿಂದದ್ದೆಲ್ಲ ಕೊನೆಗೆ ಶಾಖವಾಗಿ ಹೊರಬರಬೇಕು. ದಪ್ಪ ಲ್ಯಾಪ್‌ಟಾಪಿನಲ್ಲಿ ಅದನ್ನು ಹೊರದಬ್ಬಲು ತಾಮ್ರದ ಕೊಳವೆ, ಎರಡು ಫ್ಯಾನು, ಗಾಳಿಗಿಂಡಿ ಇರುತ್ತವೆ. ಹಗುರ ಲ್ಯಾಪ್‌ಟಾಪಿನಲ್ಲಿ ತೊಡೆ ಇರುತ್ತದೆ.

ಒಂದು ಕಾಲದಲ್ಲಿ ಈ ಸೂತ್ರ ಕಚ್ಚುತ್ತಿರಲಿಲ್ಲ. ಟ್ರಾನ್ಸಿಸ್ಟರು ಕಿರಿದಾದಂತೆ ಅದರ ವೋಲ್ಟೇಜೂ ಇಳಿಯುತ್ತದೆ, ಆದ್ದರಿಂದ ವೇಗ ಏರಿಸಿದರೂ ಶಾಖ ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಿದ್ದರು. ಮೂರು ದಶಕ ಈ ವರ ಫಲಿಸಿತು. 2000ದ ನವೆಂಬರಿನಲ್ಲಿ 1.5 ಗಿಗಾಹರ್ಟ್ಜ್‌ಗೆ ಬಂದಿಳಿದ ಪೆಂಟಿಯಂ 4ರ ವಂಶ ಮುಂದೆ 10 ಗಿಗಾಹರ್ಟ್ಜ್ ಮುಟ್ಟುವ ಮಾತೂ ಇಂಟೆಲ್ ಅಂಗಳದಲ್ಲಿ ಕೇಳಿಸುತ್ತಿತ್ತು. ಅದೇ ಅಂಗಳದ ಪ್ಯಾಟ್ ಗೆಲ್ಸಿಂಗರ್ 2001ರ ಫೆಬ್ರುವರಿಯಲ್ಲಿ ಎಚ್ಚರಿಸಿದರು: ಹೀಗೇ ಹೋದರೆ ಚಿಪ್ಪಿನ ಶಾಖಸಾಂದ್ರತೆ ಮೊದಲು ಅಣು ರಿಯಾಕ್ಟರಿನದ್ದಾಗುತ್ತದೆ, ಆಮೇಲೆ ರಾಕೆಟ್ ನಳಿಗೆಯದ್ದು, ಆಮೇಲೆ ಸೂರ್ಯನ ಮೈಯದ್ದು.

ಈಗ ಬರುವುದು ವಿಮಾನಪುರ ಸಂಪ್ರದಾಯದ ವಿದ್ವಾಂಸರು ಎದ್ದು ಕೂರುವ ಘಟ್ಟ. ಇಂಟೆಲ್ ಪೆಂಟಿಯಂ 4ರ ಮುಂದಿನ ಕುಡಿಗೆ ಇಟ್ಟಿದ್ದ ಗುಪ್ತನಾಮ ‘ತೇಜಸ್’. ವಿಮಾನಪುರದ ರನ್‌ವೇಯಿಂದ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ಲಘು ಯುದ್ಧ ವಿಮಾನಕ್ಕೆ ಪ್ರಧಾನಿ ವಾಜಪೇಯಿ 2003ರಲ್ಲಿ ಇಟ್ಟ ಹೆಸರೂ ತೇಜಸ್. ಒಂದೇ ಹೊತ್ತಿನಲ್ಲಿ ಭೂಮಂಡಲದ ಮೇಲೆ ಎರಡು ತೇಜಸ್‌ಗಳು ರೂಪುಗೊಳ್ಳುತ್ತಿದ್ದವು. ಒಂದಕ್ಕೆ ವೇಗವೇ ಸರ್ವಸ್ವ, ಇನ್ನೊಂದಕ್ಕೆ ಹಗುರತನವೇ ಹೆಸರಿನ ಮೊದಲ ಪದ. 2004ರ ಮೇ ತಿಂಗಳಲ್ಲಿ ಇಂಟೆಲ್ ತನ್ನ ತೇಜಸ್ಸನ್ನು ಕೈಬಿಟ್ಟಿತು. ವಿದ್ಯುತ್ತಿನ ಹಸಿವು ಮತ್ತು ಶಾಖ ಸಂಭಾಳಿಸುವ ಮಟ್ಟ ದಾಟಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಜ್ ಪೆಂಟಿಯಂ 4 ಕೂಡ ರದ್ದಾಯಿತು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯ ಮೇಲೆ ಮೊಣಕಾಲೂರಿ ಸಭಿಕರ ಕ್ಷಮೆ ಕೇಳಿದರು. ಗರಿಷ್ಠವಾದದ ಇತಿಹಾಸದಲ್ಲಿ ಇಷ್ಟು ದೊಡ್ಡ ಸಾಷ್ಟಾಂಗ ಇನ್ನೊಂದಿಲ್ಲ.

ಬೆಂಗಳೂರಿನ ಇಂಟೆಲ್ ಎಂಜಿನಿಯರುಗಳಿಗೂ ಈ ಪುರಾಣದಲ್ಲಿ ಒಂದು ಉಪಕಥೆಯಿದೆ. ಅವರು ಸರ್ವರುಗಳಿಗಾಗಿ ವಿನ್ಯಾಸ ಮಾಡುತ್ತಿದ್ದ ನಾಲ್ಕು ಕೋರ್‌ಗಳ ಪ್ರೊಸೆಸರಿಗೆ ನಗರದ ಪೂರ್ವದ ಬಡಾವಣೆಯ ಹೆಸರನ್ನೇ ಇಟ್ಟಿದ್ದರು: ವೈಟ್‌ಫೀಲ್ಡ್. 2005ರಲ್ಲಿ ಅದು ರದ್ದಾಯಿತು. ಹೊರಟವರು ವೈಟ್‌ಫೀಲ್ಡ್ ತಲುಪದಿದ್ದುದಕ್ಕೆ ಹಳೆ ವಿಮಾನ ನಿಲ್ದಾಣ ರಸ್ತೆಯ ಯಾವ ಪ್ರಯಾಣಿಕನೂ ಆಶ್ಚರ್ಯಪಡಲಿಲ್ಲ. ಎಂಜಿನಿಯರುಗಳು ಬಿಡಲಿಲ್ಲ, 2008ರ ಸೆಪ್ಟೆಂಬರಿನಲ್ಲಿ ಅದೇ ಬೆಂಗಳೂರು ತಂಡದ ಆರು ಕೋರ್‌ಗಳ ಡನ್ನಿಂಗ್ಟನ್ ಹೊರಬಂತು, ಒಡಲಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳ ಜೊತೆ. ಅದರ ಗರಿಷ್ಠ ವೇಗ 2.66 ಗಿಗಾಹರ್ಟ್ಜ್, ನಾಲ್ಕು ವರ್ಷ ಹಿಂದಿನ ಪೆಂಟಿಯಂ 4ರ 3.8ಕ್ಕಿಂತ ಬಹಳ ಕಡಿಮೆ. ಕೆಲಸ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಸಂಖ್ಯೆ ಇಳಿದು ಸಾಮರ್ಥ್ಯ ಏರಿದ ಈ ಪವಾಡವನ್ನು ಅಂಗಡಿಯ ಸ್ಟಿಕ್ಕರಿನಲ್ಲಿ ಬರೆಯಲು ಜಾಗ ಸಾಲುವುದಿಲ್ಲ.

5. ಮರುತ್ ದೃಷ್ಟಾಂತ

ಹಗುರ ಮೈ ಒಂದು ಕಡೆ, ಬೇಕಾದ ಎಂಜಿನ್ ಇನ್ನೊಂದು ಕಡೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ವಿಮಾನಪುರ ತನ್ನ ಮನೆಯ ಉದಾಹರಣೆಯನ್ನೇ ಕೊಡುತ್ತದೆ. ಎರಡನೇ ಮಹಾಯುದ್ಧದ ಫೋಕ್-ವುಲ್ಫ್ 190 ವಿಮಾನವನ್ನು ರೂಪಿಸಿದ್ದ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಅವರ ನೇತೃತ್ವದಲ್ಲಿ ಎಚ್‌ಎಎಲ್ ಎಚ್‌ಎಫ್-24 ಮರುತ್ ಅನ್ನು ಕಟ್ಟಿತು. ಗುರಿ ಶಬ್ದದ ಎರಡು ಪಟ್ಟು ವೇಗ. ಮೈ ಆ ವೇಗಕ್ಕೆ ತಕ್ಕಂತೆ ಚೂಪಾಗಿ, ಸೊಗಸಾಗಿ ಬಂತು; 1959ರಲ್ಲಿ ಅದರ ಮರದ ಗ್ಲೈಡರ್ ಮಾದರಿ ಎಂಜಿನ್ನೇ ಇಲ್ಲದೆ ಹಾರಿ ಸೈ ಎನಿಸಿಕೊಂಡಿತು.

ಎಂಜಿನ್ ಮಾತ್ರ ಬರಲಿಲ್ಲ. ನೆಚ್ಚಿಕೊಂಡಿದ್ದ ಬ್ರಿಟನ್ನಿನ ಆರ್ಫಿಯಸ್ 12 ಅರ್ಧಕ್ಕೆ ನಿಂತಿತು. ತಲಾ ಸುಮಾರು 2,200 ಕಿಲೋ ನೂಕುಬಲದ ಆರ್ಫಿಯಸ್ 703 ಎಂಜಿನ್ನುಗಳನ್ನು ಜೋಡಿಯಾಗಿ ಕೂರಿಸಿದರು. 1961ರ ಜೂನ್ 17ರಂದು ಮೊದಲ ಹಾರಾಟ ನಡೆಸಿದವರು ಸುರಂಜನ್ ದಾಸ್. ಮ್ಯಾಕ್ 2ರ ಕನಸಿನ ಮೈ ಮ್ಯಾಕ್ 1ರ ಆಸುಪಾಸಿನಲ್ಲೇ ಉಳಿಯಿತು. ಅದಕ್ಕೆ ಇನ್ನಷ್ಟು ಬಲ ತುಂಬಲು ಆಫ್ಟರ್‌ಬರ್ನರ್ ಅಳವಡಿಸಿದ ಮಾದರಿಯನ್ನು 1970ರ ಜನವರಿಯಲ್ಲಿ ಪರೀಕ್ಷಿಸುವಾಗ ದಾಸ್ ಪ್ರಾಣ ಕಳೆದುಕೊಂಡರು. ಈ ಒಂದು ವಾಕ್ಯದ ಮಟ್ಟಿಗೆ ಅಣಕು ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಇಷ್ಟರಿಂದ ಮರುತ್ ಸೋತಿತು ಎಂದು ಗರಿಷ್ಠವಾದಿಗಳು ಹಾರಿಬಿದ್ದರೆ ಅದು ಅವಸರ. 147 ಮರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ಲೋಂಗೆವಾಲಾ ಮರುಭೂಮಿಯಲ್ಲಿ ನೆಲಕ್ಕೆ ಹತ್ತಿರವಾಗಿ ಹಾರಿ ದಾಳಿ ಮಾಡುವ ಕೆಲಸ ಬಂದಾಗ ಮ್ಯಾಕ್ 2ರ ಅಗತ್ಯವನ್ನು ಯಾರೂ ಕೇಳಲಿಲ್ಲ. ಆ ಕೆಲಸಕ್ಕೆ ಬೇಕಾದಷ್ಟು ವೇಗ ಅದರಲ್ಲಿತ್ತು. ಸಾಕುವಾದಿಗಳು ಈ ಪ್ಯಾರಾದ ಕೆಳಗೆ ಎರಡು ಗೆರೆ ಎಳೆದುಕೊಳ್ಳಬಹುದು.

ಎರಡನೇ ಅಂಕ ಇನ್ನೂ ರಂಜಕ. ತೇಜಸ್‌ನ ಮೈ ರೂಪಿಸಿದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯ ಅಂಚೆ ವಿಳಾಸ ವಿಮಾನಪುರ. ಅದಕ್ಕೆ ಕಾವೇರಿ ಎಂಜಿನ್ ಕಟ್ಟಬೇಕಾಗಿದ್ದ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಇರುವುದು ಸಿ.ವಿ. ರಾಮನ್ ನಗರದ ಸುರಂಜನ್‌ದಾಸ್ ರಸ್ತೆಯಲ್ಲಿ. ಗಂಡಿನ ಮನೆಗೂ ಹೆಣ್ಣಿನ ಮನೆಗೂ ಆಟೋದವರು ಮೀಟರ್ ಹಾಕಲು ಒಪ್ಪದಷ್ಟು ಹತ್ತಿರ. 1989ರಲ್ಲಿ ಮಂಜೂರಾದ ಕಾವೇರಿ ಯೋಜನೆಯಲ್ಲಿ ಎಂಜಿನ್ನಿನ ತೂಕ ನಿಗದಿಗಿಂತ ಹೆಚ್ಚಾಯಿತು, ನೂಕುಬಲ ನಿಗದಿಗಿಂತ ಕಡಿಮೆಯಾಯಿತು. 2008ರಲ್ಲಿ ಸಂಬಂಧ ಮುರಿಯಿತು. ಮೊದಲ ಹಾರಾಟದಿಂದ ಇಂದಿನವರೆಗೆ ತೇಜಸ್ ಹಾರುತ್ತಿರುವುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಫ್404 ಎಂಜಿನ್ನಿನಲ್ಲಿ. ಮಾರ್ಕ್ 1ಎ ಮಾದರಿಗಾಗಿ 2021ರಲ್ಲಿ ಆರ್ಡರ್ ಮಾಡಿದ 99 ಎಂಜಿನ್ನುಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ. ‘ನಿಮ್ಮ ಆರ್ಡರ್ ರವಾನೆಯಾಗಿದೆ’ ಎಂಬ ಸಂದೇಶಕ್ಕಾಗಿ ಫೋನು ನೋಡುತ್ತ ಕೂರುವ ಲ್ಯಾಪ್‌ಟಾಪ್ ಗಿರಾಕಿ, ತನ್ನ ಬೀದಿಯಲ್ಲೇ ಇದಕ್ಕಿಂತ ದೊಡ್ಡ ಕಾಯುವಿಕೆ ನಡೆದಿದೆ ಎಂಬುದನ್ನು ನೆನೆದು ಸಮಾಧಾನ ಹೊಂದತಕ್ಕದ್ದು.

6. ನಾಮರೂಪ ವಿಚಾರ

ಗಿಗಾಹರ್ಟ್ಜ್ ಸಂಖ್ಯೆಗೆ ಬೆಲೆ ಕುಸಿದ ಮೇಲೆ ಕಂಪನಿಗಳು ಹೊಸ ವರ್ಣವ್ಯವಸ್ಥೆ ತಂದವು: ಐ3, ಐ5, ಐ7, ಐ9. ಐ4 ಏಕಿಲ್ಲ, ಐ6 ಏಕಿಲ್ಲ? ದಕ್ಷಿಣೆಯಲ್ಲಿ, ಮುಯ್ಯಿಯಲ್ಲಿ ಬೆಸಸಂಖ್ಯೆಯೇ ಶುಭವೆಂದು ನಂಬಿದ ನಾಡಿನಲ್ಲಿ ಇದನ್ನು ಯಾರೂ ಪ್ರಶ್ನಿಸಲಿಲ್ಲ. ‘ನಮ್ಮಳಿಯನದು ಐ-ಸೆವೆನ್ನು’ ಎಂಬ ವಾಕ್ಯ ಹಲಸೂರಿನ ಕಲ್ಯಾಣ ಮಂಟಪದಲ್ಲಿ ಪೂರ್ಣ ಪರಿಚಯಪತ್ರವಾಗಿ ನಡೆಯುತ್ತದೆ.

2023ರ ಜನವರಿಯಲ್ಲಿ ಬಂದ ಇಂಟೆಲ್ 13ನೇ ಪೀಳಿಗೆಯ ಎರಡು ಕುಡಿಗಳನ್ನು ಪರೀಕ್ಷಿಸೋಣ: ಐ5-1335ಯು ಮತ್ತು ಐ7-1355ಯು. ಇಬ್ಬರಿಗೂ 10 ಕೋರ್. ಇಬ್ಬರಿಗೂ 12 ಥ್ರೆಡ್. ಇಬ್ಬರಿಗೂ 12 ಎಂಬಿ ಕ್ಯಾಶ್. ಗರಿಷ್ಠ ವೇಗ ಒಬ್ಬನದು 4.6 ಗಿಗಾಹರ್ಟ್ಜ್, ಇನ್ನೊಬ್ಬನದು 5.0, ಅಂತರ ಶೇಕಡಾ 9ಕ್ಕೂ ಕಡಿಮೆ. ಇದಕ್ಕಿಂತ ಮುಖ್ಯವಾದ ಸಂಖ್ಯೆ ಸ್ಟಿಕ್ಕರಿನಲ್ಲಿ ಇರುವುದಿಲ್ಲ: ಇಬ್ಬರಿಗೂ ನಿಗದಿಯಾದ ಮೂಲ ವಿದ್ಯುತ್ ಪಡಿ 15 ವಾಟ್. ತಯಾರಕರು ಇದನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಬಹುದು. ಟರ್ಬೊ ಹೊತ್ತಿನಲ್ಲಿ 55 ವಾಟ್‌ವರೆಗೂ ಎಗರಬಹುದು. ಆದರೆ ಆ ಎಗರಾಟ ಒಂದಿಷ್ಟು ಸೆಕೆಂಡುಗಳ ಸಂಭ್ರಮ. ಹೊತ್ತು ಮೀರಿದರೆ, ಇಲ್ಲವೇ ಮೈ ಕಾದರೆ, ಇಬ್ಬರೂ ಪಡಿಗೆ ಮರಳುತ್ತಾರೆ. 15 ವಾಟ್ ಉಂಡು ಮಾಡುವ ಕೆಲಸದಲ್ಲಿ ಅಣ್ಣ ತಮ್ಮಂದಿರ ನಡುವೆ ಉಳಿಯುವ ಅಂತರವನ್ನು ಗುರುತಿಸಲು ಸ್ಟಾಪ್‌ವಾಚ್ ಬೇಕು. 5.0 ಎಂಬುದು ಸುಳ್ಳಲ್ಲ. ಒಂದೆರಡು ಕೋರ್, ಸ್ವಲ್ಪ ಹೊತ್ತು, ತಂಪಾಗಿದ್ದಾಗ ಎಂಬ ಮೂರು ವಿಶೇಷಣಗಳನ್ನು ಪೆಟ್ಟಿಗೆಯ ಮೇಲೆ ಬರೆಯದೆ ಬಿಟ್ಟಿದ್ದಾರೆ ಅಷ್ಟೆ.

ಆದ್ದರಿಂದ ವಿವೇಕಿಯಾದವನು ಮೊದಲ ಅಕ್ಷರವನ್ನು ಬಿಟ್ಟು ಕೊನೆಯ ಅಕ್ಷರವನ್ನು ನೋಡುತ್ತಾನೆ. ‘ಯು’ ಎಂದರೆ 15 ವಾಟ್‌ನ ಮಿತಾಹಾರಿ. ‘ಎಚ್’ ಎಂದರೆ 45 ವಾಟ್‌ನ ಭೋಜನಪ್ರಿಯ. ಅದೇ ಪೀಳಿಗೆಯ ಐ5-13500ಎಚ್‌ಗೆ 12 ಕೋರ್‌ಗಳಿವೆ. ದೀರ್ಘಕಾಲದ ಭಾರಿ ಕೆಲಸದಲ್ಲಿ ಅದು ಯು-ಗೋತ್ರದ ಐ7 ಅನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಐ5 ಐ7 ಅನ್ನು ಸೋಲಿಸುವ ಈ ಸಂಗತಿಯನ್ನು ಕಲ್ಯಾಣ ಮಂಟಪದಲ್ಲಿ ಹೇಳಿದರೆ ಬೀಗರು ಮುನಿಸಿಕೊಳ್ಳುವ ಸಂಭವವಿದೆ.

7. ಪ್ರಮಾಣ ಪರೀಕ್ಷೆ

ಜ್ಞಾನಕ್ಕೆ ಸಾಧನವಾದ ಪ್ರಮಾಣಗಳಲ್ಲಿ ಲ್ಯಾಪ್‌ಟಾಪ್ ಖರೀದಿಗೆ ಒದಗುವವು ನಾಲ್ಕು.

ಶಬ್ದ ಪ್ರಮಾಣವೆಂದರೆ ಬರೆದಿಟ್ಟ ಮಾತು. ಇಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಗಳು. ಬರೆದಿಟ್ಟ ವೇಗವನ್ನು ನಂಬುವ ಮೊದಲು ಬೆಂಗಳೂರಿನ ಇನ್ನೊಂದು ಪ್ರಕರಣ ನೆನೆಯುವುದು ಹಿತ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವಿವರವಾದ ಅಳತೆಗಳೂ ನಕ್ಷೆಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಕೂತು ಆ ಅಳತೆಗಳನ್ನು ಏರೋನಾಟಿಕ್ಸ್‌ನ ಒರೆಗೆ ಹಚ್ಚಿ 1974ರಲ್ಲಿ ಪ್ರಕಟಿಸಿದ ತೀರ್ಮಾನ: ಇವು ಹಾರಲಾರವು, ಗ್ರಂಥವೂ 20ನೇ ಶತಮಾನದ್ದೇ. ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಹೀಗೆ ಐವರು ಕೂತು ಒರೆ ಹಚ್ಚುವುದು ಅಪರೂಪ.

ಉಪಮಾನ ಪ್ರಮಾಣವೆಂದರೆ ಪಕ್ಕದ ಮನೆಯವರ ಲ್ಯಾಪ್‌ಟಾಪ್. ಅನುಮಾನ ಪ್ರಮಾಣವೆಂದರೆ ಬೆಂಚ್‌ಮಾರ್ಕ್. ಎರಡೂ ಹೆಸರಿಗೆ ತಕ್ಕಂತೆಯೇ ನಡೆದುಕೊಳ್ಳುತ್ತವೆ.

ಉಳಿದದ್ದು ಪ್ರತ್ಯಕ್ಷ. ನಿಮಿಷಕ್ಕೆ 40 ಪದ ಟೈಪಿಸುವ ಚುರುಕಾದ ಬೆರಳಚ್ಚುಗಾರರನ್ನು ತೆಗೆದುಕೊಂಡರೆ, ಪದಕ್ಕೆ ಐದರಂತೆ, ಎರಡು ಕೀಲಿ ಒತ್ತುವುದರ ನಡುವೆ 0.3 ಸೆಕೆಂಡು ಬಿಡುವು. ಅಷ್ಟರಲ್ಲಿ 1.6 ಗಿಗಾಹರ್ಟ್ಜ್ ಪ್ರೊಸೆಸರ್ 48 ಕೋಟಿ ಬಾರಿ ಮಿಡಿಯುತ್ತದೆ, 1.8ರದ್ದು 54 ಕೋಟಿ. ಕನ್ನಡ ಬರೆಯುವವರ ಸಂಗತಿ ಇನ್ನೂ ನಿಧಾನ: ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಕೀಲಿ ಬೇಕು. ಅಂದರೆ 300 ಡಾಲರ್ ಹೆಚ್ಚಿಗೆ ತೆತ್ತವರಿಗೆ ಸಿಕ್ಕ ಫಲ, ಪ್ರತಿ ಕೀಲಿಗೂ 6 ಕೋಟಿ ಹೆಚ್ಚುವರಿ ಮಿಡಿತಗಳಷ್ಟು ಸುಮ್ಮನೆ ಕೂರುವ ಸಾಮರ್ಥ್ಯ. ಅಷ್ಟು ಸಂಬಳಕ್ಕೆ ಅಷ್ಟು ಹೊತ್ತು ಸುಮ್ಮನೆ ಕೂರಬಲ್ಲವರು ಯಂತ್ರಲೋಕದ ಹೊರಗೂ ಇರಬಹುದು. ಆ ಚರ್ಚೆ ಈ ಗ್ರಂಥದ ವ್ಯಾಪ್ತಿಯದಲ್ಲ.

ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ಅನಾವರಣಗೊಂಡ ಸಿಂಪ್ಯೂಟರ್‌ನ ಸಾಕ್ಷ್ಯವನ್ನೂ ಇಲ್ಲಿ ದಾಖಲಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ಕಟ್ಟಿದ, ಅಂಗೈಯಲ್ಲಿ ಹಿಡಿಯುವ ಆ ಕಂಪ್ಯೂಟರಿನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ವೇಗ 206 ಮೆಗಾಹರ್ಟ್ಜ್. ಭಾರತೀಯ ಭಾಷೆಗಳ ಪಠ್ಯವನ್ನು ತೋರಿಸುವುದಷ್ಟೇ ಅಲ್ಲ, ಓದಿ ಹೇಳುವುದೂ ಅದರ ಉದ್ದೇಶಗಳಲ್ಲಿತ್ತು. ಇಂದಿನ 5.0 ಗಿಗಾಹರ್ಟ್ಜ್ ಯಂತ್ರ ಅದರ 24 ಪಟ್ಟು ವೇಗವಾಗಿ ಮಿಡಿಯುತ್ತದೆ. ಕನ್ನಡ ಬರವಣಿಗೆ 24 ಪಟ್ಟು ಬೇಗ ಸಂಪಾದಕರ ಕೈ ಸೇರುತ್ತಿರುವ ಲಕ್ಷಣ ಯಾವ ಪತ್ರಿಕಾ ಕಚೇರಿಯಲ್ಲೂ ಕಾಣುತ್ತಿಲ್ಲ.

ನಿಜವಾಗಿ ಲ್ಯಾಪ್‌ಟಾಪ್ ತಡವರಿಸುವುದು ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದು, ಒಂದು ವಿಡಿಯೊ ಮೀಟಿಂಗ್ ನಡೆಸಿ, ಮೇಲೊಂದು ಎಕ್ಸೆಲ್ ಹರಡಿದಾಗ. ಆಗ ತುಂಬಿಹೋಗುವುದು ರ್‍ಯಾಮ್. ರ್‍ಯಾಮ್ ತುಂಬಿದ ಮೇಲೆ ಯಂತ್ರ ತನ್ನ ಸರಂಜಾಮನ್ನು ಡಿಸ್ಕಿಗೆ ಸಾಗಿಸುತ್ತ, ತರುತ್ತ ಕೂರುತ್ತದೆ. ಪ್ರೊಸೆಸರ್ ಎಷ್ಟೇ ಗಿಗಾಹರ್ಟ್ಜಿನದಾಗಲಿ ಕಾಯುವುದೇ ಅದರ ಉದ್ಯೋಗ. ಹಗುರ ಲ್ಯಾಪ್‌ಟಾಪುಗಳ ಪೈಕಿ ಹೆಚ್ಚಿನವುಗಳಲ್ಲಿ ರ್‍ಯಾಮನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಇವತ್ತು 8 ಜಿಬಿ ತಂದು, ನಾಳೆ ಎಸ್‌.ಪಿ. ರಸ್ತೆಗೆ ಹೋಗಿ ಇನ್ನೊಂದು 8 ಹಾಕಿಸಿಕೊಳ್ಳುವ ದಾರಿ ಮುಚ್ಚಿದೆ. ಅಂಗಡಿ ಹುಡುಗ ಹೇಳಿದ ಫ್ಯೂಚರ್ ಎಲ್ಲಾದರೂ ಅಡಗಿದ್ದರೆ ಈ ಬೆಸುಗೆಯಲ್ಲಿ ಅಡಗಿದೆ.

8. ನಿರ್ಣಯ

ಮೈ ಹಗುರವಾಗಿದ್ದು ಪ್ರೊಸೆಸರ್ ಒಂದೇ ಗೋತ್ರದ್ದಾದರೆ, ಕಡಿಮೆ ವೇಗದ್ದನ್ನು ಕೊಂಡು ಉಳಿದ ಹಣವನ್ನು 16 ಜಿಬಿ ರ್‍ಯಾಮಿಗೂ ಹೆಚ್ಚು ವಾಟ್-ಅವರ್‌ನ ಬ್ಯಾಟರಿಗೂ ಹಾಕತಕ್ಕದ್ದು. ಬ್ಯಾಟರಿಯ ವಿಷಯದಲ್ಲಿ ಶಾಸ್ತ್ರವೇ ಒಂದು ಮೇರೆ ಹಾಕಿದೆ: ವಿಶೇಷ ಅನುಮತಿಯಿಲ್ಲದೆ ವಿಮಾನದ ಕ್ಯಾಬಿನ್ನಿಗೆ ಒಯ್ಯಬಹುದಾದದ್ದು 100 ವಾಟ್-ಅವರ್ ತನಕ. ಆ ವಿಮಾನ ಹಿಡಿಯಲು ದೇವನಹಳ್ಳಿಗೆ ಹೋಗಬೇಕು. ಎಚ್‌ಎಎಲ್ ನಿಲ್ದಾಣದಿಂದ ನಿಯಮಿತ ಪ್ರಯಾಣಿಕ ವಿಮಾನಗಳು ನಿಂತದ್ದು 2008ರ ಮೇ 24ಕ್ಕೆ. ಬೇಗ ತಲುಪುವುದಕ್ಕಾಗಿ ಊರು ತನ್ನ ನಿಲ್ದಾಣವನ್ನು ದೂರಕ್ಕೆ ಕಳಿಸಿದ್ದು ಹೀಗೆ.

ವಿಡಿಯೊ ಎಡಿಟ್ ಮಾಡುವವರು, ಗಂಟೆಗಟ್ಟಲೆ ಕೋಡ್ ಕಂಪೈಲ್ ಮಾಡುವವರು ಗರಿಷ್ಠವಾದವನ್ನು ಅನುಸರಿಸಲು ಅರ್ಹರು. ಆದರೆ ಅವರು ಜೊತೆಗೆ ಫ್ಯಾನನ್ನೂ ತೂಕವನ್ನೂ ಸ್ವೀಕರಿಸಬೇಕು. 2020ರ ಕೊನೆಗೆ ಬಂದ ಆಪಲ್ ಎಂ1 ಇದಕ್ಕೆ ಶುದ್ಧ ಪ್ರಯೋಗ: ಫ್ಯಾನೇ ಇಲ್ಲದ 1.29 ಕಿಲೋ ಏರ್‌ನಲ್ಲೂ ಫ್ಯಾನ್ ಇದ್ದ 13 ಇಂಚಿನ ಪ್ರೊನಲ್ಲೂ ಇದ್ದದ್ದು ಅದೇ 3.2 ಗಿಗಾಹರ್ಟ್ಜ್‌ನ ಚಿಪ್ಪು. ಚಿಕ್ಕ ಕೆಲಸಗಳಲ್ಲಿ ಇಬ್ಬರೂ ಸರಿಸಮ. ಕೆಲಸ ಹಲವು ನಿಮಿಷ ಎಳೆದಾಗ ಏರ್ ತನ್ನನ್ನು ತಾನೇ ನಿಧಾನಿಸಿಕೊಂಡಿತು, ಪ್ರೊ ಓಡುತ್ತಲೇ ಇತ್ತು. ವೇಗವನ್ನು ಬೇರೆ ಮಾಡಿದ್ದು ಚಿಪ್ಪಲ್ಲ, ಗಾಳಿ. ಗಾಳಿಯ ಮಹಿಮೆಯನ್ನು ವಿಂಡ್ ಟನಲ್ ರಸ್ತೆಯ ನಿವಾಸಿಗಳಿಗೆ ಬಿಡಿಸಿ ಹೇಳುವುದು ಅಧಿಕಪ್ರಸಂಗ.

ಅಂಗಡಿಯಲ್ಲಿ ಆಚರಿಸಬೇಕಾದ ವಿಧಿ ಒಂದೇ. ಪ್ರದರ್ಶನದ ಯಂತ್ರದಲ್ಲಿ ಏನಾದರೂ ಭಾರಿ ಕೆಲಸ ಹಚ್ಚಿ, ಹದಿನೈದು ನಿಮಿಷ ಕಾದು, ಕೀಲಿಮಣೆಯ ಮೇಲ್ಭಾಗಕ್ಕೆ ಅಂಗೈ ಇಟ್ಟು ನೋಡಬೇಕು. ಆ ಹದಿನೈದು ನಿಮಿಷ ಅಂಗಡಿಯವರ ಮುಖದ ಮೇಲೆ ಏರುವ ಶಾಖವನ್ನು ಲೆಕ್ಕಕ್ಕೆ ಹಿಡಿಯಬಾರದು.

ಅಭ್ಯಾಸ

ಅ. ಬಿಟ್ಟ ಸ್ಥಳ ತುಂಬಿರಿ: ‘ಐ7 ತಗೊಂಡ್ರೆ ಇನ್ನು ______ ವರ್ಷ ತಿರುಗಿ ನೋಡೋ ಹಾಗಿಲ್ಲ.’ (ಮಾರುವವರ ಉತ್ತರ ಮತ್ತು ರಿಪೇರಿಯವರ ಉತ್ತರ ಬೇರೆ ಬೇರೆ ಬರೆಯಿರಿ.)

ಆ. ಗುಂಪಿಗೆ ಸೇರದ್ದನ್ನು ಗುರುತಿಸಿ, ಕಾರಣ ಕೊಡಿ: ಆರ್ಫಿಯಸ್ 12, ಇಂಟೆಲ್‌ನ ತೇಜಸ್, ಇಂಟೆಲ್‌ನ ವೈಟ್‌ಫೀಲ್ಡ್, 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿದ ನೇರಳೆ ಮಾರ್ಗದ ಮೆಟ್ರೊ.

ಇ. ಲೆಕ್ಕ ಮಾಡಿರಿ: ಲ್ಯಾಪ್‌ಟಾಪ್ 1.3 ಕಿಲೋ, ಚಾರ್ಜರ್ 300 ಗ್ರಾಂ, ಬ್ಯಾಗು 900 ಗ್ರಾಂ, ನೀರಿನ ಬಾಟಲಿ 1 ಕಿಲೋ, ಮೂರು ಅಂತಸ್ತಿನ ಊಟದ ಡಬ್ಬಿ 1.2 ಕಿಲೋ. ನೂರು ಗ್ರಾಂ ಹಗುರದ ಮಾದರಿಗೆ ಇಪ್ಪತ್ತು ಸಾವಿರ ಹೆಚ್ಚು ಕೊಡುವುದು ಲಾಭವೋ, ಪಲ್ಯ ಕಡಿಮೆ ಹಾಕಿಸಿಕೊಳ್ಳುವುದು ಲಾಭವೋ?

ಈ. ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ: ‘ಮುಂದಿನ ತಿಂಗಳು ಹೊಸ ಜನರೇಷನ್ ಬರ್ತಿದೆ ಸಾರ್.’ (ಈ ಮಾತು ಬಿಲ್ ಆಗುವ ಮೊದಲು ಬಂತೋ, ಆದ ಮೇಲೆ ಬಂತೋ ಎಂಬುದಕ್ಕೆ ಪ್ರತ್ಯೇಕ ಅಂಕಗಳಿವೆ.)